ಕಾಣಿಕೆಗೆ ಮುಂಚೆ ಚಾಚುವ ಕೈ

ಗುಳೇದಗುಡ್ಡದ ಸುತ್ತಿನ ಕ್ರೈಸ್ತ ಸಭೆಗಳಲ್ಲಿ ಪಾಲಕನಾಗಿ ಸೇವೆ ಮಾಡಿದ ವರ್ಷಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬಾರಿ ಕೇಳಿಸಿಕೊಂಡ ಪ್ರಶ್ನೆ, "ಅಯ್ಯನವರೇ, ಆರಾಧನೆ ಎಷ್ಟು ಗಂಟೆಗೆ ಮುಗಿಯುತ್ತದೆ?" ಎಂಬುದು. ಕೇಳುವವರಲ್ಲಿ ಹಲವರು ನೇಕಾರರು. ಮನೆಯಲ್ಲಿ ಖಣದ, ಅಂದರೆ ರವಿಕೆ ಬಟ್ಟೆಯ, ಹಾಸು ಅರ್ಧಕ್ಕೆ ನಿಂತಿರುತ್ತದೆ. ಅವರ ಭಕ್ತಿಯನ್ನು ನಾನು ಎಂದೂ ಸಂಶಯಿಸಿಲ್ಲ. ಆದರೆ ಆರಾಧನೆಯು ದೇವಾಲಯದೊಳಗೆ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ, ಮಗ್ಗ ಅದರ ಹೊರಗಿನದು ಎಂಬ ಎಣಿಕೆ ಆ ಪ್ರಶ್ನೆಯಲ್ಲಿದೆ, ಮತ್ತು ಆ ಎಣಿಕೆಯನ್ನು ಬೆಳೆಸಿದವರಲ್ಲಿ ನಾವು ಪಾಲಕರೂ ಇದ್ದೇವೆ.

ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ 'ಅವೋದಾ' ಎಂಬ ಒಂದೇ ಪದ ದುಡಿಮೆಗೂ ಆರಾಧನೆಗೂ ಸಲ್ಲುತ್ತದೆ. ಆದಿಕಾಂಡ 2:15ರಲ್ಲಿ ಮನುಷ್ಯನನ್ನು ಏದೆನ್ ತೋಟದ ವ್ಯವಸಾಯಕ್ಕೆ ಇಟ್ಟಾಗ ಬರುವ ಧಾತುವೇ, ಐಗುಪ್ತದಲ್ಲಿ ಇಸ್ರಾಯೇಲ್ಯರು ಮಣ್ಣು ಕಲಸಿ ಇಟ್ಟಿಗೆ ಮಾಡಿದ ಬಿಟ್ಟಿ ದುಡಿಮೆಗೂ, ಅರಣ್ಯದಲ್ಲಿ ತನ್ನನ್ನು ಸೇವಿಸುವಂತೆ ಆ ಜನರನ್ನು ಕಳುಹಿಸೆಂದು ದೇವರು ಮೋಶೆಯ ಮೂಲಕ ಫರೋಹನಿಗೆ ಹೇಳಿಸುವ ಮಾತಿಗೂ ಬರುತ್ತದೆ. ಅಂದರೆ ಅವರ ಬಿಡುಗಡೆಯು ಒಬ್ಬ ಯಜಮಾನನ ಕೈಯಿಂದ ಇನ್ನೊಬ್ಬನ ಸೇವೆಗೆ ನಡೆದ ದಾಟುವಿಕೆ. ಕೂಡಲಸಂಗಮ ಇರುವ ಈ ಜಿಲ್ಲೆಯಲ್ಲಿ, ಕಾಯಕ ಎಂಬ ಮಾತನ್ನು ಕೇಳುತ್ತಲೇ ಬೆಳೆದವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಾಗಿಲ್ಲ. ಕ್ರೈಸ್ತ ನಂಬಿಕೆ ಇಲ್ಲಿ ಒತ್ತಿ ಹೇಳುವುದು ಕ್ರಮವನ್ನು: ಕೃಪೆ ಮೊದಲು, ಸೇವೆ ಆಮೇಲೆ. ಅಪೊಸ್ತಲನಾದ ಪೌಲನು ರೋಮಾಪುರದ ಸಭೆಗೆ ಬರೆದ ಪತ್ರಿಕೆಯಲ್ಲಿ ಹನ್ನೊಂದು ಅಧ್ಯಾಯಗಳ ತನಕ ದೇವರ ಕರುಣೆಯನ್ನು ವಿವರಿಸಿ, ಹನ್ನೆರಡನೆಯದರ ಮೊದಲ ವಚನದಲ್ಲಿ ಮಾತ್ರ, ಆದಕಾರಣ ನಿಮ್ಮ ದೇಹಗಳನ್ನೇ ಸಜೀವ ಯಜ್ಞವಾಗಿ ಅರ್ಪಿಸಿರಿ, ಅದೇ ನಿಮ್ಮ ಆರಾಧನೆ ಎಂದು ಬೇಡಿಕೊಳ್ಳುತ್ತಾನೆ. ಅವನು ಹೇಳಿದ್ದು ದೇಹವನ್ನು. ಲಾಳಿ ಎಸೆಯುವ ಕೈ, ಕುಣಿಮಗ್ಗದಲ್ಲಿ ಇಳಿಬಿಟ್ಟ ಕಾಲು ಅದರಲ್ಲಿ ಸೇರಿವೆ.

ಹಾಗಾದರೆ ಭಾನುವಾರ ಕೂಡಿಬರುವುದು ಏಕೆ? ಹಾಡು, ವಾಕ್ಯ, ಪ್ರಾರ್ಥನೆ, ರೊಟ್ಟಿ ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಕರ್ತನ ಭೋಜನ ಇವು ಆ ಕರುಣೆಯನ್ನು ನಮ್ಮ ಕಿವಿಗೆ, ಕೈಗೆ, ನಾಲಿಗೆಗೆ ಮತ್ತೆ ಮುಟ್ಟಿಸುತ್ತವೆ. ಒಬ್ಬಂಟಿಯಾಗಿ ಅದನ್ನು ನೆನಪಿಟ್ಟುಕೊಳ್ಳುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಸಂಗೀತವನ್ನು ನಾನು ಮನಸಾರೆ ಪ್ರೀತಿಸುತ್ತೇನೆ, ಆದರೂ ಕೀಬೋರ್ಡ್ ಮತ್ತು ಡ್ರಮ್ಮಿನ ಅಬ್ಬರವನ್ನೇ ಆರಾಧನೆಯೆಂದು ಕರೆಯುವಾಗ, ನಿಮ್ಮ ಹಾಡುಗಳ ಗದ್ದಲವನ್ನು ತೊಲಗಿಸಿರಿ, ನ್ಯಾಯವು ಹೊಳೆಯಂತೆ ಹರಿಯಲಿ ಎಂದ ಪ್ರವಾದಿ ಆಮೋಸನು ನೆನಪಾಗುತ್ತಾನೆ.

1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯ ಭೋಜನದ ಆರಾಧನಾ ಕ್ರಮದಲ್ಲಿ ಒಂದು ಸಣ್ಣ ಅಂಗವಿದೆ. ಕಾಣಿಕೆಗೆ ಮುಂಚೆ ಪಾಲಕನು ಸಮಾಧಾನವನ್ನು ಕೈಯಿಂದ ಕೈಗೆ ಕೊಡುತ್ತಾನೆ: ಅಂಗೈಗೆ ಅಂಗೈ ತಾಗಿಸಿ, ಇಬ್ಬರೂ ಎಡಗೈಯನ್ನು ಮೇಲೆ ಮುಚ್ಚುತ್ತಾರೆ. ಪಡೆದವರು ಪಕ್ಕದವರಿಗೆ ದಾಟಿಸುತ್ತಾರೆ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಒಂದಾಗು ಎಂಬ ಮತ್ತಾಯನ ಸುವಾರ್ತೆ 5ನೇ ಅಧ್ಯಾಯದ ಮಾತಿನ ಕಾರಣದಿಂದಲೇ ಅದಕ್ಕೆ ಆ ಸ್ಥಾನ.

ಒಂದು ಭಾನುವಾರ ಅದು ನಡುವೆಯೇ ನಿಂತಿತು. ತಂದೆಯ ಮನೆಯನ್ನು ಪಾಲು ಮಾಡಿಕೊಂಡು, ನಡುಗೋಡೆಯ ವಿಷಯಕ್ಕೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣನು ಸಮಾಧಾನವನ್ನು ಪಡೆದು, ಪಕ್ಕದಲ್ಲಿದ್ದ ತಮ್ಮನನ್ನು ದಾಟಿ ಹಿಂದಿನ ಸಾಲಿನ ಹುಡುಗನಿಗೆ ಕೈ ಕೊಟ್ಟನು. ನಾನು ನೋಡಿಯೂ ಕಾಣಿಕೆಯ ಕೀರ್ತನೆಯನ್ನು ಆರಂಭಿಸಿಬಿಟ್ಟೆ. ಅದು ನನ್ನ ತಪ್ಪು. ಕಾಯಬಹುದಿತ್ತು, ಕಡೆಯಪಕ್ಷ ಒಂದು ಪ್ರಾರ್ಥನೆಯಷ್ಟು ಹೊತ್ತು ಸುಮ್ಮನೆ ನಿಲ್ಲಬಹುದಿತ್ತು.

ಆ ಬುಧವಾರ ಅಣ್ಣನ ಮನೆಗೆ ಹೋಗಿ ಮಗ್ಗದ ಕುಣಿಯ ಅಂಚಿನಲ್ಲಿ ಕುಳಿತೆ. ಅವನು ಲಾಳಿ ನಿಲ್ಲಿಸಲಿಲ್ಲ, ನಾನೂ ಉಪದೇಶ ಮಾಡಲಿಲ್ಲ. ಗೋಡೆಯ ಅಳತೆ ಕೇಳಿದೆ, ಅವರ ತಾಯಿ ಯಾರ ಮನೆಯಲ್ಲಿ ಉಣ್ಣುತ್ತಾಳೆ ಎಂದು ಕೇಳಿದೆ. ಆ ಎರಡನೆಯ ಪ್ರಶ್ನೆಗೆ ಲಾಳಿ ನಿಂತಿತು. ಆಮೇಲೆ ನಾಲ್ಕೈದು ಸಲ ಹೋದೆ, ತಮ್ಮನ ಮನೆಗೂ ಹೋದೆ. ಗೋಡೆಯ ತಕರಾರು ಈಗಲೂ ಹಿರಿಯರ ಮುಂದೆ ಇದೆ. ಕೈ ಕೊಡುವುದು ಮಾತ್ರ ನಡೆದಿದೆ. ಮೊದಲ ಸಲ ಕೊಟ್ಟ ದಿನ ಅಣ್ಣನ ಬೆರಳುಗಳಿಗೆ ಹತ್ತಿದ್ದ ನೂಲಿನ ಕೆಂಪು ತಮ್ಮನ ಅಂಗೈಗೂ ಸ್ವಲ್ಪ ತಾಗಿತ್ತು, ಅದೇ ಕೈಯಿಂದ ಅವನು ರೊಟ್ಟಿಯನ್ನು ತೆಗೆದುಕೊಂಡನು.