ಹಲ್ಲಿನ ಹೊಂಡಕ್ಕೊಂದು ಕಟ್ಟ

ತಂಗಿಯ ಮಗ ಮಂಗಳೂರಿಗೆ ಹೋಗಿ ಕೆಳದವಡೆಯ ಬುದ್ಧಿಹಲ್ಲು ಕೀಳಿಸಿಕೊಂಡು ಬಂದ. ತಲಪಾಡಿ ದಾಟುವವರೆಗೂ ಹತ್ತಿ ಕಚ್ಚಿಕೊಂಡು ಕುಳಿತಿದ್ದನಂತೆ. ಕುಂಬಳೆಯಲ್ಲಿ ಇಳಿದು ಬದಿಯಡ್ಕದ ಬಸ್ ಹತ್ತಿದಾಗ ಊರಿನ ಹೆಸರು ಹೇಳಲು ತುಟಿ ಕೇಳದೆ ಮೊಬೈಲಿನಲ್ಲಿ ಬರೆದು ಕಂಡಕ್ಟರನಿಗೆ ತೋರಿಸಿದನಂತೆ. ಮನೆಗೆ ಬಂದವನಿಗೆ ಅಮ್ಮ ಮೊದಲು ಕೊಟ್ಟದ್ದು ಬೊಂಡ, ಅಂದರೆ ಎಳನೀರು. ತಂಪು, ಅಗಿಯುವ ಕೆಲಸವಿಲ್ಲ, ಮೊಮ್ಮಗ ಬೇರೆ ಹಸಿದಿದ್ದಾನೆ. ಕೆತ್ತಿದ ಬೊಂಡಕ್ಕೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಕೈಗಿತ್ತರು. ಅವನು ಕೆನ್ನೆ ಗುಳಿ ಬೀಳುವಂತೆ ಎಳೆದ. ಅಂಗಳದಲ್ಲಿ ಅಡಿಕೆ ಮಗುಚುತ್ತಿದ್ದ ನಾನು ನೋಡಿ ಕೂಗುವಷ್ಟರಲ್ಲಿ ಬೊಂಡ ಬರಿದಾಗಿತ್ತು.

"ಬೊಂಡದಲ್ಲಿ ಏನು ದೋಷ?" ಎಂದು ಅಮ್ಮ ಮುನಿಸಿಕೊಂಡರು. ದೋಷ ಬೊಂಡದ್ದಲ್ಲ, ಕೊಳವೆಯದ್ದು. ಅದನ್ನು ಆ ಹೊತ್ತಿನಲ್ಲಿ ವಿವರಿಸಲು ಆಗಲಿಲ್ಲ. ಈಗ ಪುರುಸೊತ್ತಿನಲ್ಲಿ ಬರೆಯುತ್ತಿದ್ದೇನೆ.

ಹಲ್ಲು ಕಿತ್ತ ಮೇಲೆ ಬರುವುದು ಒಂದೇ ನೋವು, ಅದು ದಿನದಿಂದ ದಿನಕ್ಕೆ ಇಳಿಯುತ್ತದೆ ಅಥವಾ ಏರುತ್ತದೆ ಎಂದು ನಮ್ಮವರು ತಿಳಿದಿದ್ದಾರೆ. ಹಾಗಲ್ಲ. ಮೊದಲ ದಿನದ ನೋವು ಬೇರೆ, ನಾಲ್ಕನೆಯ ದಿನದ ನೋವು ಬೇರೆ. ಮೊದಲನೆಯದು ಎಲ್ಲರಿಗೂ ಬರುವಂಥದ್ದು, ಮಾತ್ರೆಗೆ ಬಗ್ಗುವಂಥದ್ದು. ಎರಡನೆಯದು ಕೆಲವರಿಗೆ ಮಾತ್ರ, ಅದು ಮಾತ್ರೆಗೆ ಸುಲಭದಲ್ಲಿ ಬಗ್ಗುವುದಿಲ್ಲ.

ಮೊದಲನೆಯದರ ಕತೆ ಇದು. ಮರಗಟ್ಟಿಸುವ ಲಿಡೊಕೇನ್ ಚುಚ್ಚುಮದ್ದಿನ ಪ್ರಭಾವ ತುಟಿಯಲ್ಲಿ ಸುಮಾರು 3ರಿಂದ 5 ಗಂಟೆ ಇರುತ್ತದೆ. ಹೊರಗೆ ಎಲ್ಲವೂ ನಿಶ್ಶಬ್ದವಾಗಿರುವ ಆ ಹೊತ್ತಿನಲ್ಲೇ ಒಳಗೆ ಕೆಲಸ ಶುರುವಾಗಿರುತ್ತದೆ. ಗಾಯಗೊಂಡ ಜೀವಕೋಶಗಳ ಪೊರೆಯಿಂದ ಅರಾಕಿಡೋನಿಕ್ ಆಮ್ಲ ಬಿಡುಗಡೆಯಾಗುತ್ತದೆ. ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವದ ಕೈಗೆ ಸಿಕ್ಕಿ ಅದು ಪ್ರೋಸ್ಟಗ್ಲಾಂಡಿನ್ ಆಗುತ್ತದೆ. ನರಗಳ ತುದಿಯನ್ನು ಸೂಕ್ಷ್ಮವಾಗಿಸಿ, ಸಣ್ಣ ಮಿಡಿತಕ್ಕೂ ಚೀರುವಂತೆ ಮಾಡುವುದು ಈ ಪ್ರೋಸ್ಟಗ್ಲಾಂಡಿನ್. ಐಬುಪ್ರೊಫೆನ್ ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ. ಆದರೆ ಆಗಲೇ ತಯಾರಾಗಿ ಹರಡಿರುವ ಸರಕನ್ನು ಹೆಕ್ಕಿ ತೆಗೆಯಲು ಅದಕ್ಕೆ ಬರುವುದಿಲ್ಲ. ಅಂಗಳದಲ್ಲಿ ಅಡಿಕೆ ಹರಡಿದವನು ಮೋಡ ಕಂಡಾಗಲೇ ಟಾರ್ಪಾಲು ಎಳೆಯುತ್ತಾನೆ. ಅಡಿಕೆ ನೆನೆದ ಮೇಲೆ ಎಳೆದರೆ ಟಾರ್ಪಾಲಿನ ತಪ್ಪೇನೂ ಇಲ್ಲ.

ನಮ್ಮ ಹುಡುಗ ಮಾಡಿದ್ದು ಇದನ್ನೇ. "ಈಗ ನೋವೇ ಇಲ್ಲ ಮಾವ, ಸುಮ್ಮನೆ ಯಾಕೆ ಮಾತ್ರೆ?" ಎಂದು ಚೀಟಿಯನ್ನು ಮಡಚಿಟ್ಟ. ರಾತ್ರಿ ಒಂಬತ್ತಕ್ಕೆ ದಿಂಬು ಕಚ್ಚಿಕೊಂಡಿದ್ದ. ನೋವು ತಡೆದುಕೊಳ್ಳುವುದು ಗಂಡಸುತನ, ಮಾತ್ರೆ ಎಂದರೆ ವಿಷ ಎಂಬ ನಂಬಿಕೆ ನಮ್ಮ ಕಡೆ ವಿಪರೀತ. ಮರಗಟ್ಟಿದ್ದು ಬಿಡುವ ಮೊದಲೇ, ಹೊಟ್ಟೆಗೆ ಏನಾದರೂ ಹಾಕಿಕೊಂಡು, ವೈದ್ಯರು ಬರೆದ ಮೊದಲ ಮಾತ್ರೆ ನುಂಗಬೇಕು. ಮೊದಲ ಒಂದೆರಡು ದಿನ ನೋವಿಗೆ ಕಾಯದೆ ಗಡಿಯಾರ ನೋಡಿಕೊಂಡು ನುಂಗಬೇಕು.

ಈ ಮಾತ್ರೆಗಳ ಚರಿತ್ರೆಯೇ ಒಂದು ಸ್ವಾರಸ್ಯ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಸ್ಟೀವರ್ಟ್ ಆಡಮ್ಸ್ ಮತ್ತು ಸಂಗಡಿಗರು ಸಂಧಿವಾತಕ್ಕೆ ಮದ್ದು ಹುಡುಕುತ್ತಾ ಐಬುಪ್ರೊಫೆನ್ ಕಂಡುಹಿಡಿದರು. 1969ರಲ್ಲಿ ಅದು ಬ್ರಿಟನ್ನಿನಲ್ಲಿ ವೈದ್ಯರ ಚೀಟಿಗೆ ಸಿಗತೊಡಗಿತು. ಮಾಸ್ಕೋದಲ್ಲಿ ಹಿಂದಿನ ರಾತ್ರಿ ಹೆಚ್ಚು ಕುಡಿದು ಬೆಳಿಗ್ಗೆ ತಲೆ ಸಿಡಿಯುತ್ತಿದ್ದಾಗ ಆಡಮ್ಸ್ ತನ್ನ ಮದ್ದನ್ನು ತಾನೇ ನುಂಗಿ ಭಾಷಣಕ್ಕೆ ಹೋಗಿದ್ದರು. ಇಂಥ ಮಾತ್ರೆಗಳು ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿದದ್ದು ಮಾತ್ರ 1971ರಲ್ಲಿ. ಅದನ್ನು ತೋರಿಸಿದ ಜಾನ್ ವೇನ್ ಅವರಿಗೆ 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ: ಹೊಸ ನೋವುನಿವಾರಕಗಳನ್ನು ಪರೀಕ್ಷಿಸಲು ಸಂಶೋಧಕರು ಹೆಚ್ಚಾಗಿ ಹಿಡಿಯುವುದು ಬುದ್ಧಿಹಲ್ಲು ಕೀಳಿಸಿಕೊಂಡವರನ್ನೇ. ಎಳೆಯ ವಯಸ್ಸು, ಒಳ್ಳೆಯ ಆರೋಗ್ಯ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಗಾಯ, ಹೇಳಿದ ಹೊತ್ತಿಗೆ ಬರುವ ನೋವು. ಹಾಗಾಗಿ ಈ ನೋವಿನ ಬಗ್ಗೆ ನಮಗಿರುವ ತಿಳಿವಳಿಕೆ ಬಹಳ ಗಟ್ಟಿ. 400 ಮಿಲಿಗ್ರಾಂ ಐಬುಪ್ರೊಫೆನ್ 1000 ಮಿಲಿಗ್ರಾಂ ಪ್ಯಾರಸಿಟಮಾಲ್‌ಗಿಂತ ಮೇಲು, ಎರಡೂ ಕೂಡಿದರೆ ಇನ್ನೂ ಮೇಲು ಎಂದು, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2013ರ ಕೊಕ್ರೇನ್ ವಿಮರ್ಶೆ ಹೇಳಿತು.

ಹಾಗೆಂದು ಮೆಡಿಕಲ್ ಅಂಗಡಿಯವನು ಕೊಟ್ಟದ್ದನ್ನೆಲ್ಲ ನುಂಗುವಂತಿಲ್ಲ. ನಮ್ಮಲ್ಲಿ ಎರಡು ಮದ್ದು ಸೇರಿಸಿದ ಮಾತ್ರೆಗಳೇ ಹೆಚ್ಚು. ಒಳಗೆ ಪ್ಯಾರಸಿಟಮಾಲ್ ಇರುವುದು ಗೊತ್ತಿಲ್ಲದೆ ಮೈ ಬಿಸಿಯಾಯಿತೆಂದು ಇನ್ನೊಂದು ಪ್ಯಾರಸಿಟಮಾಲ್ ನುಂಗಿದರೆ ಲೆಕ್ಕ ತಪ್ಪುತ್ತದೆ. ದೊಡ್ಡವರಿಗೆ ಅದರ ಮೇಲ್ಮಿತಿ ದಿನಕ್ಕೆ 4 ಗ್ರಾಂ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಇಂಥ ಮಾತ್ರೆಗೆ ಕೆರಳುವ ಉಬ್ಬಸ ಇದ್ದವರೂ ಗರ್ಭಿಣಿಯರೂ ವೈದ್ಯರಿಗೆ ಮೊದಲೇ ಹೇಳಬೇಕು. ಮಳೆಗಾಲದಲ್ಲಿ ಡೆಂಗಿ ಜ್ವರದ ಶಂಕೆ ಇದ್ದರೆ ಐಬುಪ್ರೊಫೆನ್ ಮುಟ್ಟಬಾರದು. ಆಸ್ಪಿರಿನ್ನನ್ನು ನೋವಿಗೆಂದು ತಾವಾಗಿ ನುಂಗಬಾರದು, ಅದು ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳನ್ನು (ಪ್ಲೇಟ್‌ಲೆಟ್) ಅವುಗಳ ಆಯುಷ್ಯ ಮುಗಿಯುವವರೆಗೂ ಕೆಲಸಗೇಡಿಯಾಗಿಸುತ್ತದೆ. ಹೃದಯಕ್ಕೆಂದು ಅದನ್ನು ತೆಗೆದುಕೊಳ್ಳುತ್ತಿರುವವರು ಕೇಳದೆ ನಿಲ್ಲಿಸಲೂಬಾರದು.

ಕಿರುಬಿಲ್ಲೆಯ ಮಾತು ಬಂತಲ್ಲ, ಇನ್ನು ಕಟ್ಟದ ವಿಷಯ. ಇದೇ ನನಗೆ ಬಹಳ ಇಷ್ಟವಾದ ಭಾಗ.

ಏತಡ್ಕದ ಕಡೆ ಹೋದವರು ಕಟ್ಟ ನೋಡಿರುತ್ತೀರಿ. ಮಳೆ ಹೋಗಿ ತೋಡಿನ ಸೆಳೆತ ಇಳಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ತುಂಡು ಸೇರಿಸಿ ನೀರಿಗೆ ಅಡ್ಡ ಹಾಕುತ್ತಾರೆ. ಹಲ್ಲು ಕಿತ್ತ ಹೊಂಡದಲ್ಲಿ ನಡೆಯುವುದೂ ಅದೇ. ಮೊದಲು ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿ ಕಲ್ಲಿನಂತೆ ಕೂರುತ್ತವೆ. ಮೇಲೆ ಫೈಬ್ರಿನ್ ಎಂಬ ನಾರು ಅಡ್ಡ ಉದ್ದ ಹೆಣೆದುಕೊಳ್ಳುತ್ತದೆ. ಸಂದಿನಲ್ಲಿ ಕೆಂಪು ರಕ್ತಕಣಗಳು ಮಣ್ಣಿನಂತೆ ತುಂಬುತ್ತವೆ. ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಕೊಳ್ಳಲು ಹೇಳುವುದು ಸೆಳೆತ ಇಳಿಸಲಿಕ್ಕೆ. ಸೆಳೆತ ಇಳಿಯುವ ಮೊದಲು ಹಾಕಿದ ಕಟ್ಟ ಎಂದಾದರೂ ನಿಂತಿದೆಯೇ?

ಕಟ್ಟ ಬರೀ ಅಡ್ಡಗೋಡೆಯಲ್ಲ. ಅದರ ಹಿಂದೆ ನಿಂತ ನೀರು ಇಂಗಿ ಬಾವಿಗಳಿಗೆ ಇಳಿಯುತ್ತದೆ, ತೋಟಕ್ಕೆ ತೇವ ಹಿಡಿಯುತ್ತದೆ. ರಕ್ತದ ಹೆಪ್ಪು ಕೂಡ ಬರೀ ಮುಚ್ಚಳವಲ್ಲ. ಹೊಸ ರಕ್ತನಾಳ, ಹೊಸ ಅಂಗಾಂಶ ಬೇರು ಬಿಡುವುದು ಅದರೊಳಗೇ. ಕನ್ನಡಕ್ಕೆ ಇದು ಮೊದಲೇ ಗೊತ್ತಿತ್ತೋ ಏನೋ, ಹಾಲಿಗೂ ರಕ್ತಕ್ಕೂ ಒಂದೇ ಮಾತು: ಹೆಪ್ಪುಗಟ್ಟುವುದು. ರಾತ್ರಿ ಹೆಪ್ಪು ಹಾಕಿಟ್ಟ ಪಾತ್ರೆಗೆ ಯಾರೂ ಸೌಟು ಹಾಕಿ ಕದಡುವುದಿಲ್ಲ. ಬಾಯಿಯೊಳಗಿನ ಹೆಪ್ಪನ್ನು ಮಾತ್ರ ನಾಲಗೆಯಿಂದ ಕೆದಕುತ್ತೇವೆ, ಉಗುಳುತ್ತೇವೆ, ಕೊಳವೆ ಹಾಕಿ ಎಳೆಯುತ್ತೇವೆ.

ಹೆಪ್ಪು ಕರಗಿ ಹೋದರೆ ಎಲುಬು ಬಯಲಾಗುತ್ತದೆ. ನೀರಿಗೆಂದು ಗುಡ್ಡಕ್ಕೆ ಕೊರೆದ ಸುರಂಗ ಬತ್ತಿದಂತೆ ಬೋಳು ಗೋಡೆ. ವ್ಯತ್ಯಾಸವೆಂದರೆ ಈ ಗೋಡೆಗೆ ನರವಿದೆ. 1896ರಲ್ಲಿ ಕ್ರಾಫರ್ಡ್ ಎಂಬವರು ಇದನ್ನು ಒಣ ಹೊಂಡವೆಂದು ಕರೆದರು, ಆ ಹೆಸರೇ ಉಳಿಯಿತು. ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ, ಇನ್ನೇನು ವಾಸಿಯಾಯಿತು ಎನ್ನುವಾಗ ನೋವು ತಿರುಗಿ ಬಂದು ಕಿವಿಗೆ ಎಳೆಯುತ್ತದೆ, ಬಾಯಿ ನಾರುತ್ತದೆ.

ಮೊದಲ ರಾತ್ರಿ ಅಮ್ಮ ಉಪ್ಪಿನ ಗಂಟು ಬಿಸಿ ಮಾಡಿ ತಂದಿದ್ದರು. ಬೇಡವೆಂದೆ. ಮೊದಲ ದಿನ ಶಾಖ ಕೊಟ್ಟರೆ ಅಲ್ಲಿಗೆ ರಕ್ತದ ಹರಿವು ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದಿಪ್ಪತ್ತು ನಿಮಿಷ ಕೆನ್ನೆಗೆ ಇಟ್ಟು, ಅಷ್ಟೇ ಹೊತ್ತು ತೆಗೆಯಬೇಕು. "ಶೀತವಾಗುತ್ತದೆ" ಎಂದರು. ಆಗಲಿಲ್ಲ. ಆಮೇಲೆ ಲವಂಗದ ಎಣ್ಣೆ ತಂದರು. ಹಸಿ ಗಾಯಕ್ಕೆ ಅದನ್ನು ನೇರವಾಗಿ ಸುರಿದರೆ ಸುಡುತ್ತದೆ ಎಂದು ಅದನ್ನೂ ತಡೆದೆ. ಕೆಟ್ಟ ಮಗ ಎನಿಸಿಕೊಂಡೆ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು, ಅದೂ ಗುಳುಗುಳು ಮುಕ್ಕಳಿಸುವುದಲ್ಲ. ತಲೆ ಓರೆ ಮಾಡಿ ನೀರು ಹೊರಳಿಸಿ, ಬಾಯಿ ತೆರೆದು ತಾನಾಗಿ ಬೀಳಲು ಬಿಡುವುದು. ಕುಚ್ಚಲಕ್ಕಿಯ ಗಂಜಿಯನ್ನು ಆರಿಸಿ, ಅಗುಳು ಸೋಸಿ ತೆಳಿ ಮಾತ್ರ. ರಾಗಿ ಮಣ್ಣಿ, ಮಜ್ಜಿಗೆ.

ಮೂರನೆಯ ದಿನ ನೆರೆಮನೆಯ ಅಜ್ಜ ಬಂದು, ಹಲ್ಲಿನ ಹುಳ ತೆಗೆಸಿದ್ದರೆ ಈ ಕೀಳಿಸುವ ಪಾಡೇ ಇರಲಿಲ್ಲ ಎಂದರು. ನೆಲಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ ಹೊಗೆ ಹಿಡಿಸುವುದು, ನೀರಿನಲ್ಲಿ ಬಿಳಿ ಹುಳ ತೋರಿಸುವುದು. ಅದು ಹುಳವಲ್ಲ, ಬಿಸಿಗೆ ಸಿಡಿದ ಬೀಜದ ಮೊಳಕೆ. ಇದು ನಮ್ಮೂರಿನ ಪೆದ್ದುತನವೇನಲ್ಲ. ಯುರೋಪಿನಲ್ಲೂ ಬೇರೊಂದು ಗಿಡದ ಬೀಜದಿಂದ ಇದೇ ಆಟ ನಡೆದಿತ್ತು. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ ತಾನು ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹುಳ ಕಾಣಲಿಲ್ಲ ಎಂದು ಬರೆಯಬೇಕಾಯಿತು.

ಆದರೂ ಹೊಗೆ ಹಿಡಿಸಿಕೊಂಡವರಿಗೆ ನೋವು ಇಳಿದದ್ದು ಸುಳ್ಳೇ? ನಾನು ಹಾಗೆ ಹೇಳಲಾರೆ. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೆವಿನ್, ಗಾರ್ಡನ್ ಮತ್ತು ಫೀಲ್ಡ್ಸ್ ಎಂಬ ಮೂವರು ಹಲ್ಲು ಕೀಳಿಸಿಕೊಂಡವರಿಗೆ ಮದ್ದೇ ಇಲ್ಲದ ಹುಸಿಮದ್ದು ಕೊಟ್ಟರು. ಕೆಲವರಿಗೆ ನೋವು ಇಳಿಯಿತು. ದೇಹದ ಸ್ವಂತ ಅಫೀಮಿನಂಥ ಎಂಡಾರ್ಫಿನ್‌ಗಳನ್ನು ತಡೆಯುವ ನಲೋಕ್ಸೋನ್ ಕೊಟ್ಟಾಗ ಅವರ ನೋವು ಮತ್ತೆ ಏರಿತು. ನಂಬಿಕೆಗೆ ರಸಾಯನವಿದೆ ಎಂದಾಯಿತು. ಒಡೆದ ಕಟ್ಟವನ್ನು ಮಾತ್ರ ಅದು ಕಟ್ಟಿಕೊಡುವುದಿಲ್ಲ.

ನಾಲ್ಕನೆಯ ಬೆಳಗ್ಗೆ ಹುಡುಗ ಕಿವಿ ಹಿಡಿದುಕೊಂಡೇ ಎದ್ದ. ಜ್ವರವಿರಲಿಲ್ಲ, ನುಂಗಲು ಉಸಿರಾಡಲು ಕಷ್ಟವಿರಲಿಲ್ಲ, ಬಾವು ಏರುತ್ತಿರಲಿಲ್ಲ. ಇದ್ದಿದ್ದರೆ ಬಸ್ಸಿಗೂ ಕಾಯುವಂತಿಲ್ಲ. ಕೊಳವೆಯೇ ಕಾರಣ ಎಂದು ನಾನು ಮತ್ತೆ ಶುರು ಮಾಡಿದೆ. ಅಮ್ಮ ಒಳಗೆ ಹೋದ ಮೇಲೆ ಅವನು ತಲೆ ತಗ್ಗಿಸಿ, ಹಟ್ಟಿಯ ಹಿಂದೆ ಎರಡು ಸಿಗರೇಟು ಸೇದಿದ್ದಾಗಿ ಹೇಳಿದ. ನಿಜ ಹೇಳಬೇಕೆಂದರೆ ಕೊಳವೆಯ ವಿರುದ್ಧ ಇರುವ ಸಾಕ್ಷಿ ತೆಳು, ಹೊಗೆಯ ವಿರುದ್ಧ ಇರುವುದು ಗಟ್ಟಿ. ಬೊಂಡಕ್ಕೆ ನಾನು ಅಷ್ಟು ಕೂಗಾಡಬೇಕಿರಲಿಲ್ಲ.

ಮಂಗಳೂರಿಗೆ ಕರೆದೊಯ್ದೆ, ಅಮ್ಮನೂ ಬಂದರು. ವೈದ್ಯರು ಹೊಂಡ ತೊಳೆದು ಮದ್ದು ಹಚ್ಚಿದ ಪಟ್ಟಿ ತುಂಬಿದರು. ಹೊರಗೆ ಬಂದ ಹುಡುಗನ ಬಾಯಿಯ ಹತ್ತಿರ ಅಮ್ಮ ಮೂಗು ತಂದು ಮೂಸಿ ನನ್ನ ಕಡೆ ತಿರುಗಿದರು. ಒಣ ಹೊಂಡಕ್ಕೆ ಇಡುವ ಮದ್ದಿನಲ್ಲಿ ಲವಂಗದ ಯೂಜಿನಾಲ್ ಇರುತ್ತದೆ. ಲಿಡೊಕೇನಿನಂತೆ ಅದು ಕೂಡ ನೋವಿನ ಸುದ್ದಿ ಸಾಗಲು ಬೇಕಾದ ನರದ ಸೋಡಿಯಂ ದಾರಿಯನ್ನು ಮುಚ್ಚುತ್ತದೆ. ಅಳತೆ ಬೇರೆ, ಇಡುವ ಕ್ರಮ ಬೇರೆ ಎಂದೆಲ್ಲ ನಾನು ಹೇಳಿಕೊಂಡೇ ಬಂದೆ. ತಲಪಾಡಿಯವರೆಗೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಮನೆಗೆ ಬಂದು ಬೊಂಡ ಕೆತ್ತಿ ಲೋಟಕ್ಕೆ ಬಗ್ಗಿಸಿ ಮೊಮ್ಮಗನಿಗೆ ಕೊಟ್ಟರು. ಕೊಳವೆಯನ್ನು ನನ್ನ ಮುಂದೆ ಇಟ್ಟರು.