ಹಳೆಯ ಯುದ್ಧ, ಹೊಸ ಜಗಳ: ಡೀಪ್ ಸ್ಪೇಸ್ ನೈನ್ ಮತ್ತೆ ನೋಡುವವರು

1998ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಪ್ರಸಾರವಾದ, 'ಡೀಪ್ ಸ್ಪೇಸ್ ನೈನ್' ಎಂಬ ಟಿವಿ ಸರಣಿಯ ಒಂದು ಕಂತಿನ ಬಗ್ಗೆ, ಬಾಹ್ಯಾಕಾಶದ ಕಥೆ ಹೇಳುವ ಸ್ಟಾರ್ ಟ್ರೆಕ್‌ನ ಅಭಿಮಾನಿಗಳು ಇವತ್ತಿಗೂ ಕಿತ್ತಾಡುತ್ತಾರೆ. ಅದರ ಹೆಸರು 'ಇನ್ ದ ಪೇಲ್ ಮೂನ್‌ಲೈಟ್'. ಡೊಮಿನಿಯನ್ ಎಂಬ ಸಾಮ್ರಾಜ್ಯದ ಎದುರು, ಭೂಮಿಯೂ ಸೇರಿದ ಗ್ರಹಗಳ ಒಕ್ಕೂಟ ಫೆಡರೇಶನ್ ಸೋಲುತ್ತಿದೆ. ರೋಮುಲನ್ನರು ಎಂಬ ಇನ್ನೊಂದು ಬಲಿಷ್ಠ ಜನಾಂಗ ಕೈಜೋಡಿಸಿದರೆ ಮಾತ್ರ ಉಳಿಗಾಲ. ಆದರೆ ಅವರು ಸುಮ್ನೆ ದೂರ ಕೂತಿದ್ದಾರೆ. ಫೆಡರೇಶನ್ ಕಡೆಯ ಕ್ಯಾಪ್ಟನ್ ಸಿಸ್ಕೋ ಒಬ್ಬ ಖೋಟಾ ಕೆಲಸಗಾರನನ್ನು ಹಿಡಿದು ಸುಳ್ಳು ಸಾಕ್ಷ್ಯ ಮಾಡಿಸುತ್ತಾನೆ. ಅದು ಸುಳ್ಳೆಂದು ಕಂಡುಹಿಡಿದ ರೋಮುಲನ್ ಸೆನೆಟರ್, ಊರು ಸೇರುವ ಮೊದಲೇ ನೌಕೆಯ ಸಮೇತ ಸ್ಫೋಟಕ್ಕೆ ಬಲಿಯಾಗುತ್ತಾನೆ. ಬಾಂಬ್ ಇಟ್ಟವನು ಗಾರಕ್, ಹೊಟ್ಟೆಪಾಡಿಗೆ ದರ್ಜಿ, ಹಿಂದೆ ಗೂಢಚಾರ. ಖೋಟಾ ಮಾಡಿದವನೂ ಉಳಿಯುವುದಿಲ್ಲ. ಸಾವಿನ ಆರೋಪ ಡೊಮಿನಿಯನ್ ತಲೆಗೆ ಬರುತ್ತದೆ, ರೋಮುಲನ್ನರು ಯುದ್ಧಕ್ಕೆ ಇಳಿಯುತ್ತಾರೆ. ಇದನ್ನೆಲ್ಲ ಕ್ಯಾಮೆರಾದ ಕಡೆ ನೋಡುತ್ತಾ ಒಪ್ಪಿಕೊಂಡ ಸಿಸ್ಕೋ, ಕೊನೆಗೆ ಆ ದಾಖಲೆಯನ್ನೇ ಅಳಿಸಿಹಾಕುತ್ತಾನೆ.

ಐದು ವರ್ಷ ಕಳೆಯಿತು. 2003ರಲ್ಲಿ ಅಮೆರಿಕ ಇರಾಕ್ ಮೇಲೆ ಯುದ್ಧಕ್ಕೆ ಹೋಯಿತು. ಅಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ಜಗತ್ತಿಗೆ ಹೇಳಲಾಗಿತ್ತು. ಅವು ಸಿಗಲಿಲ್ಲ. ಅದಾದ ಮೇಲೆ ಈ ಕಂತು ನೋಡುವವರಿಗೆ ಸಿಸ್ಕೋ ಮೊದಲಿನ ಸಿಸ್ಕೋ ಆಗಿ ಕಾಣುವುದು ಕಷ್ಟ. ಕೋಟಿಗಟ್ಟಲೆ ಜೀವ ಉಳಿಸಿದ ನಾಯಕ ಎನ್ನುವವರು ಇದ್ದಾರೆ. ಸುಳ್ಳು ಹೇಳಿ ಬೇರೆಯವರ ಮಕ್ಕಳನ್ನು ಯುದ್ಧಕ್ಕೆ ನೂಕಿದವನು ಎನ್ನುವವರೂ ಇದ್ದಾರೆ. ಸಾಕ್ಷ್ಯ ಮಾತ್ರ ಸುಳ್ಳು, ಅಪಾಯ ನಿಜವೇ ಅಲ್ವಾ ಎಂದು ಮಧ್ಯದಲ್ಲಿ ನಿಂತವರು ಕೇಳುತ್ತಾರೆ. ನನಗೆ ಎರಡನೆಯವರ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಆದರೆ ಕಂತು ನೋಡುವಾಗ ಪ್ರತಿ ಸಲವೂ ಮನಸ್ಸು ಸಿಸ್ಕೋನ ಪಕ್ಕಕ್ಕೇ ವಾಲುತ್ತದೆ. ಬರೆದವರ ಜಾಣತನ ಅದು.

ಈ ಯುದ್ಧ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್' ಶುರುವಾದದ್ದು 1993ರ ಜನವರಿಯಲ್ಲಿ. ರಿಕ್ ಬರ್ಮನ್ ಮತ್ತು ಮೈಕೆಲ್ ಪಿಲ್ಲರ್ ಇದನ್ನು ರೂಪಿಸಿದರು. ಸ್ಟಾರ್ ಟ್ರೆಕ್‌ನ ಮೂಲಪುರುಷ ಜೀನ್ ರಾಡೆನ್‌ಬರಿ 1991ರಲ್ಲೇ ತೀರಿಕೊಂಡಿದ್ದರು. ಅವರ ಕಲ್ಪನೆಯ ಮಾನವರು ಜಗಳ, ದುರಾಸೆ, ಯುದ್ಧಗಳನ್ನು ದಾಟಿ ಬಂದವರು. ಹೊಸ ಸರಣಿಯಲ್ಲಿ ಊರೂರು ಸುತ್ತುವ ನೌಕೆ ಇರಲಿಲ್ಲ. ಇದ್ದದ್ದು ಒಂದು ಬಾಹ್ಯಾಕಾಶ ನಿಲ್ದಾಣ. ಪಕ್ಕದಲ್ಲಿ ಬೇಜಾರ್ ಗ್ರಹ, ಕಾರ್ಡೇಸಿಯನ್ನರು ಎಂಬ ಇನ್ನೊಂದು ಗ್ರಹದವರ ಸುಮಾರು ಅರ್ಧ ಶತಮಾನದ ಆಕ್ರಮಣದಿಂದ ಆಗಷ್ಟೇ ಬಿಡಿಸಿಕೊಂಡದ್ದು. ನಾಯಕಿ ಕೀರಾ ಆ ಹೋರಾಟದಲ್ಲಿ ಬಾಂಬ್ ಇಟ್ಟವಳು, ತಾನು ಭಯೋತ್ಪಾದಕಿಯಾಗಿದ್ದೆ ಎಂದು ಮುಚ್ಚುಮರೆ ಇಲ್ಲದೆ ಹೇಳುವವಳು. 2001ರ ನಂತರ ಅಮೆರಿಕದ ಯಾವ ವಾಹಿನಿ ಇಂಥ ನಾಯಕಿಯನ್ನು ಒಪ್ಪುತ್ತಿತ್ತೋ ಗೊತ್ತಿಲ್ಲ.

ಡೊಮಿನಿಯನ್ ಹೆಸರು ಮೊದಲು ಕಿವಿಗೆ ಬಿದ್ದದ್ದು ಎರಡನೇ ಸೀಸನ್‌ನಲ್ಲಿ, ಒಂದು ವ್ಯಾಪಾರದ ಹಾಸ್ಯ ಕಂತಿನ ಮಧ್ಯೆ. 1994ರ ಜೂನ್‌ನಲ್ಲಿ ಅವರ ಸೈನಿಕರು, ಜೆಮ್‌ಹಡಾರ್‌ಗಳು, ಎದುರಿಗೇ ಬಂದರು. ಆ ಕಂತಿನಲ್ಲಿ, ಹಿಂದಿನ ಸ್ಟಾರ್ ಟ್ರೆಕ್ ಸರಣಿಯ ನೌಕೆ ಎಂಟರ್‌ಪ್ರೈಸ್‌ನಂಥದ್ದೇ ಒಂದು ದೊಡ್ಡ ನೌಕೆ ನೋಡುಗರ ಕಣ್ಣೆದುರು ಚೂರಾಯಿತು. ಈ ಸಲ ಎದುರಾಳಿ ಬೇರೆ ಥರದವನು ಎಂದು ಅಲ್ಲೇ ಗೊತ್ತಾಯಿತು. ಜೆಮ್‌ಹಡಾರ್‌ಗಳು ಒಂದು ಮದ್ದಿಗೆ ದಾಸರು. ಆ ಮದ್ದು ಸಿಗದಿದ್ದರೆ ಅವರಿಗೆ ಉಳಿವಿಲ್ಲ. ಅದನ್ನು ಹಂಚುವವರು ವೋರ್ಟಾಗಳು. ಎಲ್ಲರ ಮೇಲೆ ರೂಪ ಬದಲಿಸುವ ಸ್ಥಾಪಕರು. ಯಾರ ವೇಷದಲ್ಲಿ ಬೇಕಾದರೂ ಬರಬಲ್ಲ ಶತ್ರು. 1996ರ ಜನವರಿಯ ಜೋಡಿ ಕಂತುಗಳಲ್ಲಿ ಈ ಭಯವೇ ಭೂಮಿಯನ್ನು ಸೈನ್ಯದ ಕೈಗೆ ಒಪ್ಪಿಸುತ್ತದೆ. ಬೀದಿಯಲ್ಲಿ ಸೈನಿಕರು, ಮನೆಮಂದಿಗೂ ರಕ್ತಪರೀಕ್ಷೆ. ಅಷ್ಟೆಲ್ಲ ಗಲಾಟೆಗೆ ಭೂಮಿಯ ಮೇಲಿದ್ದ ಶತ್ರುಗಳು ಬರೀ ನಾಲ್ವರು.

ಯುದ್ಧ ನಿಜವಾಗಿ ಹೊತ್ತಿಕೊಂಡದ್ದು 1997ರ ಜೂನ್‌ನಲ್ಲಿ, ಐದನೇ ಸೀಸನ್‌ನ ಕೊನೆಯ ಕಂತಿನಲ್ಲಿ. ನಾಯಕರು ನಿಲ್ದಾಣವನ್ನೇ ಬಿಟ್ಟು ಹೋಗಬೇಕಾಯಿತು. ಮುಂದಿನ ಸೀಸನ್‌ನ ಮೊದಲ ಆರು ಕಂತುಗಳು ಒಂದಕ್ಕೊಂದು ಅಂಟಿಕೊಂಡೇ ಬಂದವು. ಇವತ್ತು ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಈ ಸರಣಿ ಒಂದೇ ದೊಡ್ಡ ವಾಹಿನಿಯಲ್ಲಿ ಬರುತ್ತಿರಲಿಲ್ಲ. ಊರೂರಿನ ಸ್ಟೇಷನ್‌ಗಳು ಕೊಂಡು, ತಮಗೆ ಸರಿಹೊಂದಿದ ಹೊತ್ತಿಗೆ ಹಾಕುತ್ತಿದ್ದವು. ಒಂದು ಕಂತು ತಪ್ಪಿದರೆ ಮುಂದಿನದು ಅರ್ಥವಾಗಬೇಕಲ್ಲ? ಹೀಗಾಗಿ ಪ್ರತಿ ವಾರ ಕಥೆ ಮುಗಿಯಲಿ ಎಂಬ ಒತ್ತಡ ಇತ್ತು. ಯುದ್ಧವನ್ನು ಕೆಲವೇ ಕಂತುಗಳಲ್ಲಿ ಮುಗಿಸಿಬಿಡಬೇಕು ಎಂಬುದು ಬರ್ಮನ್ ಆಸೆ. ಬರಹಗಾರರ ತಂಡ ನಡೆಸುತ್ತಿದ್ದ ಐರಾ ಸ್ಟೀವನ್ ಬೇರ್ ಜಗ್ಗಲಿಲ್ಲ. ಯುದ್ಧ 1999ರ ಜೂನ್‌ವರೆಗೆ, ಕೊನೆಯ ಕಂತಿನವರೆಗೂ ಎಳೆಯಿತು.

ಆಗಿನ ಇನ್ನೊಂದು ಜಗಳ ಅದೇ ಕಾಲದ ಟಿವಿ ಸರಣಿ 'ಬ್ಯಾಬಿಲನ್ 5' ಜೊತೆಗಿನದು. ಅದೂ ನಿಲ್ದಾಣದ ಕಥೆ, ಅದರಲ್ಲೂ ಮಹಾಯುದ್ಧ. ಅದರ ಕರ್ತೃ ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿ ತಮ್ಮ ಕಥೆಯನ್ನು ಸ್ಟಾರ್ ಟ್ರೆಕ್ ಮಾಡುವ ಪ್ಯಾರಾಮೌಂಟ್ ಕಂಪನಿಗೂ ಒಯ್ದಿದ್ದರು. ಯಾರು ಯಾರದ್ದನ್ನು ಕದ್ದರು ಎಂದು ಎರಡೂ ಕಡೆಯ ಅಭಿಮಾನಿಗಳು ವರ್ಷಗಟ್ಟಲೆ ಹೊಡೆದಾಡಿದರು. ಅದು ಬೇರೆಯೇ ಪುರಾಣ, ಇಲ್ಲಿ ಬೇಡ.

ಮತ್ತೆ ನೋಡುವವರು ಬಾಯಿಬಿಟ್ಟು ಹೊಗಳುವುದು ನೌಕೆಗಳ ಕಾಳಗವನ್ನಲ್ಲ. ಅದರಲ್ಲಿ ಮೋಸವೂ ಜಾಸ್ತಿ ಇದೆ. ಕೊನೆಯ ಕಂತಿನ ಮಹಾಕಾಳಗದಲ್ಲಿ ಹಳೆಯ ಕಂತುಗಳ ದೃಶ್ಯಗಳನ್ನೇ ಮತ್ತೆ ಅಂಟಿಸಿದ್ದಾರೆ, ಕಣ್ಣಿಟ್ಟು ನೋಡಿದರೆ ಸಿಕ್ಕಿಬೀಳುತ್ತಾರೆ. ಅದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಆರನೇ ಸೀಸನ್‌ನಲ್ಲಿ ನುಗ್ಗಿ ಬರುತ್ತಿದ್ದ 2,800 ಶತ್ರು ನೌಕೆಗಳನ್ನು ಬೇಜಾರ್‌ನ ದೇವರುಗಳು ಒಂದೇ ಏಟಿಗೆ ಮಾಯ ಮಾಡಿಬಿಡುತ್ತಾರೆ. ಆರು ಕಂತು ಕಟ್ಟಿದ್ದಕ್ಕೆ ಹೀಗೊಂದು ಮುಕ್ತಾಯವಾ ಎಂದು ಕೇಳಿದರೆ ತಪ್ಪೇನಿಲ್ಲ. ಆದರೆ ಆ ದೇವರುಗಳು ಸಿಸ್ಕೋನಿಂದ ಬೆಲೆ ಕೇಳುತ್ತಾರೆ, ಕೊನೆಯ ಕಂತಿನಲ್ಲಿ ವಸೂಲಿಯೂ ಆಗುತ್ತದೆ. ಹಾಗಾಗಿ ನಾನು ಅದನ್ನು ಅರ್ಧ ಕ್ಷಮಿಸುತ್ತೇನೆ.

ಗಟ್ಟಿಯಾಗಿ ಉಳಿದಿರುವುದು ಸಣ್ಣ ಕಂತುಗಳು. ಶತ್ರುವಿನ ಕೈಯಲ್ಲಿರುವ ನಿಲ್ದಾಣದಲ್ಲಿ ಕೀರಾ ದಿನಾ ಎದ್ದು ಕೆಲಸಕ್ಕೆ ಹೋಗುತ್ತಾಳೆ. ಬೇಜಾರ್ ಒಪ್ಪಂದ ಮಾಡಿಕೊಂಡಿದೆ, ಗಲಾಟೆ ಬೇಡ ಎಂಬುದು ಅವಳ ಲೆಕ್ಕ. ಒಬ್ಬ ಸನ್ಯಾಸಿನಿ ಎಲ್ಲರ ಎದುರು ನೇಣು ಹಾಕಿಕೊಂಡು ಪ್ರತಿಭಟಿಸುತ್ತಾಳೆ. ಆಗ ಕೀರಾಗೆ ಹೊಳೆಯುತ್ತದೆ, ತಾನು ಹಿಂದೆ ಯಾರನ್ನು ದ್ವೇಷಿಸಿದ್ದೆನೋ ಅವರ ಹಾಗೇ ಆಗಿದ್ದೇನೆ ಎಂದು. ಆ ಕಂತಿನ ಇನ್ನೊಂದು ಎಳೆಯಲ್ಲಿ ಗುಂಡು ಹಾರುತ್ತದೆ, ಸೈನಿಕರು ಸಾಯುತ್ತಾರೆ. ನೆನಪಿನಲ್ಲಿ ನಿಲ್ಲುವುದು ಮಾತ್ರ ಇದು.

1998ರ ಕೊನೆಯಲ್ಲಿ ಬಂದ 'ದ ಸೀಜ್ ಆಫ್ ಎಆರ್-558' ಕಂತನ್ನು ನಿರ್ದೇಶಿಸಿದ ವಿನ್ರಿಚ್ ಕೋಲ್ಬೆ ಸ್ವತಃ ವಿಯೆಟ್ನಾಂನಲ್ಲಿ ಸೈನಿಕನಾಗಿದ್ದವರು. ಒಂದು ಬಂಡೆಯಂಥ ಗ್ರಹ, ತಿಂಗಳುಗಟ್ಟಲೆ ನಿದ್ದೆಗೆಟ್ಟ ಯೋಧರು. ಅವರಲ್ಲಿ ಒಬ್ಬನಾಗಿ ನಟಿಸಿದ್ದು 'ಬ್ಯಾಬಿಲನ್ 5'ರ ಬಿಲ್ ಮೂಮಿ! ಅಲ್ಲಿ ತರುಣ ಅಧಿಕಾರಿ ನಾಗ್ ಕಾಲು ಕಳೆದುಕೊಳ್ಳುತ್ತಾನೆ. ಎರಡು ಕಂತುಗಳ ನಂತರ ಬರುವ 'ಇಟ್ಸ್ ಓನ್ಲಿ ಎ ಪೇಪರ್ ಮೂನ್' ಪೂರ್ತಿ ಅವನದ್ದೇ. ಕೃತಕ ಕಾಲು ಸರಿಯಾಗಿ ಕೂತಿದೆ, ಆದರೂ ನೋವು ಹೋಗಿಲ್ಲ. ಹುಡುಗ ನಿಜ ಲೋಕ ಬಿಟ್ಟು, ಕಂಪ್ಯೂಟರ್ ಸೃಷ್ಟಿಸಿದ ಹಳೆಯ ಲಾಸ್ ವೇಗಸ್ ಹೋಟೆಲಿನಲ್ಲಿ ಅಡಗಿ ಕೂರುತ್ತಾನೆ. ಯುದ್ಧದಿಂದ ಮರಳಿದ ನಿಜವಾದ ಸೈನಿಕರು ತಮ್ಮ ಬಳಿ ಬಂದು ಈ ಕಂತಿಗಾಗಿ ಧನ್ಯವಾದ ಹೇಳಿದ್ದನ್ನು ನಾಗ್ ಪಾತ್ರ ಮಾಡಿದ ಏರನ್ ಐಸನ್‌ಬರ್ಗ್ ನೆನೆಯುತ್ತಿದ್ದರು. ಅವರು 2019ರಲ್ಲಿ ತೀರಿಕೊಂಡರು.

ಆ ವರ್ಷವೇ ಸರಣಿಯ ಬಗೆಗಿನ ಸಾಕ್ಷ್ಯಚಿತ್ರವೊಂದು ಚಿತ್ರಮಂದಿರಕ್ಕೆ ಬಂತು. ಬೇರ್ ಮತ್ತು ಗೆಳೆಯರು ಅಭಿಮಾನಿಗಳಿಂದಲೇ ಹಣ ಎತ್ತಿ ಮಾಡಿದ್ದು. ಕೇಳಿದ್ದಕ್ಕಿಂತ ಹಣ ಎಷ್ಟೋ ಜಾಸ್ತಿ ಬಂತು. ಅದರಲ್ಲಿ ಸ್ವಲ್ಪ ಹೊತ್ತಿನ ದೃಶ್ಯಗಳನ್ನು ಮೂಲ ಫಿಲಂನಿಂದ ತೆಗೆದು ಎಚ್‌ಡಿಗೆ ತಂದರು. ಪೂರ್ತಿ ಸರಣಿಗೆ ಆ ಭಾಗ್ಯ ಬಂದಿಲ್ಲ. ಚಿತ್ರೀಕರಣ ಫಿಲಂನಲ್ಲಿ ಆದರೂ ಸಂಕಲನ ಮತ್ತು ಕಾಳಗದ ಗ್ರಾಫಿಕ್ಸ್ ಮುಗಿದದ್ದು ವಿಡಿಯೋದಲ್ಲಿ. ಎಚ್‌ಡಿ ಬೇಕೆಂದರೆ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು, ಎಷ್ಟೋ ಕಾಳಗಗಳನ್ನು ಹೊಸದಾಗಿ ಕಟ್ಟಬೇಕು. ಇದಕ್ಕೂ ಮೊದಲಿನ 'ನೆಕ್ಸ್ಟ್ ಜನರೇಶನ್' ಸರಣಿಗೆ ಹಾಗೆ ಮಾಡಿದ್ದರು, ಬ್ಲೂ-ರೇ ಮಾರಾಟ ಲೆಕ್ಕ ಹಾಕಿದಷ್ಟು ಆಗಲಿಲ್ಲ. ಹೀಗಾಗಿ ಯುದ್ಧಕ್ಕೆ ಮತ್ತೆ ಮರಳುವವರಿಗೆ ಸಿಗುವುದು ಆ ಮಸುಕಾದ ಚಿತ್ರವೇ. ಅದಕ್ಕೂ ಅವರು ಜಗಳ ಬಿಟ್ಟಿಲ್ಲ.