ಕೆಂಪು ಪೆನ್ನಿನ ಸುತ್ತು ಹಾಕಿದ 0.8

ಜೇವರ್ಗಿ ಕಡೆಯ ಅತ್ತೆಯೊಬ್ಬರು ಕ್ಯಾರಿಬ್ಯಾಗಿನಿಂದ ರಿಪೋರ್ಟ್ ತೆಗೆದು ನನ್ನ ಮೇಜಿನ ಮೇಲೆ ಹರವಿದರು. ಎಎಂಎಚ್ 0.8. ಅದರ ಸುತ್ತ ಯಾರೋ ಕೆಂಪು ಪೆನ್ನಿನಲ್ಲಿ ಎರಡೆರಡು ಸುತ್ತು ಹಾಕಿದ್ದರು. "ಸೊಸಿಗಿ ತತ್ತಿ ಖಾಲಿ ಆಗ್ಯಾವಂತರಿ ಮ್ಯಾಡಂ. ಇನ್ನ ಆಸೆ ಬಿಡಬೇಕೇನ್ರಿ?" ಸೊಸೆಗೆ 29. ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು, ತಲೆ ಎತ್ತಲಿಲ್ಲ.

ಕಲಬುರಗಿಯಲ್ಲಿ ಕೂತು ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ. ಎಎಂಎಚ್ ಅಂಡಾಶಯದ ಸಣ್ಣ ಕೋಶಕಗಳಿಂದ ಬರುವ ಹಾರ್ಮೋನು. ಅಂಡಾಣು ಎಷ್ಟು ಉಳಿದಿರಬಹುದು ಎಂಬ ಅಂದಾಜು ಕೊಡುತ್ತದೆ. ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಇಂಜೆಕ್ಷನ್ನಿಗೆ ಎಷ್ಟು ಅಂಡಾಣು ಸಿಕ್ಕಾವು, ಡೋಸ್ ಎಷ್ಟಿಡಬೇಕು ಎಂದು ತೂಗಲು ನಮಗದು ಬೇಕು. ಅಂಡಾಣು ಗಟ್ಟಿಯೋ ಜೊಳ್ಳೋ ಎಂಬುದನ್ನು ಅದು ಹೇಳದು. ಅದು ಬಹುಮಟ್ಟಿಗೆ ವಯಸ್ಸಿನ ಮಾತು. ಆ ಅತ್ತೆಗೆ ಕೇಳಿದೆ: "ಮನ್ಯಾಗ ಎಷ್ಟು ಚೀಲ ತೊಗರಿ ಐತಿ ಅಂತ ಎಣಿಸಿದ್ರ, ಬಿತ್ತಿದ್ದು ಹುಟ್ಟತದೋ ಇಲ್ಲೋ ತಿಳೀತದೇನ್ರಿ?" ಹೊಲ ಮಾಡಿದವರು, ಥಟ್ಟನೆ ತಿಳಿಯಿತು.

ಎಎಂಎಚ್ 2.5 ಇರುವ 42ರ ಹೆಂಗಸಿಗಿಂತ ಈ ಹುಡುಗಿಯ ಒಂದೊಂದು ಅಂಡಾಣುವಿನ ಮೇಲೆ ನನಗೆ ಭರವಸೆ ಹೆಚ್ಚು. ಅಮೆರಿಕದಲ್ಲಿ ಬಂಜೆತನದ ಇತಿಹಾಸವಿಲ್ಲದ, 30ರಿಂದ 44 ವಯಸ್ಸಿನ ಸುಮಾರು 750 ಹೆಂಗಸರನ್ನು ಗಮನಿಸಿದ 2017ರ ಅಧ್ಯಯನದಲ್ಲಿ, ಎಎಂಎಚ್ ಕಡಿಮೆ ಇದ್ದವರಿಗೂ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯೇನೂ ಕಾಣಲಿಲ್ಲ. ಅವರು ಚಿಕಿತ್ಸೆಗೆ ಬಂದವರಲ್ಲ, ಹಾಗಾಗಿ ಆ ಫಲಿತಾಂಶವನ್ನು ಐವಿಎಫ್‌ಗೆ ನೇರ ಅಂಟಿಸಲಾಗದು. ಎಎಂಎಚ್ ಕಡಿಮೆಯಿದ್ದರೆ ಒಂದು ಸಲಕ್ಕೆ ಸಿಗುವ ಅಂಡಾಣು ಕಡಿಮೆ, ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನ ಬೇಕಾಗಬಹುದು, ತಡ ಮಾಡಬಾರದು. ಅಷ್ಟೇ.

ಎರಡು ಲ್ಯಾಬಿನ ರಿಪೋರ್ಟ್ ಹೋಲಿಸುವಾಗ ಅಂಕಿಯ ಪಕ್ಕದ ಅಳತೆಯನ್ನೂ ನೋಡಿ. ಮಿಲಿಲೀಟರಿಗೆ ಒಂದು ನ್ಯಾನೊಗ್ರಾಂ ಎಂದರೆ ಇನ್ನೊಂದು ಅಳತೆಯಲ್ಲಿ ಲೀಟರಿಗೆ ಸುಮಾರು 7 ಪಿಕೊಮೋಲ್. ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೂ ಎಎಂಎಚ್ ಇಳಿದು ಕಾಣಬಹುದು.

ಮದುವೆಯಾಗಿ ನಾಲ್ಕು ವರ್ಷ. ಮಗನ ವೀರ್ಯ ಪರೀಕ್ಷೆ ಆಗಿದೆಯೇ ಎಂದೆ. "ಅವಂಗೇನಾಗ್ಯಾದರಿ, ಗಟ್ಟಿಮುಟ್ಟ ಅದಾನ." ಇಲ್ಲಿ ನನ್ನ ತಾಳ್ಮೆ ತಪ್ಪುತ್ತದೆ. ಅರ್ಧ ಕಾರಣ ಗಂಡಿನ ಕಡೆಯೂ ಇರಬಹುದಾದಾಗ ಈ ಹುಡುಗಿಯೊಬ್ಬಳ ರಕ್ತವನ್ನೇ ಎಷ್ಟು ಸಲ ತೆಗೆಸುತ್ತೀರಿ? ಮಗ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದ. ಒಳಗೆ ಕರೆಸಿ, ಎರಡರಿಂದ ಏಳು ದಿನ ಕೂಡದೆ ಇದ್ದು ಬಾರಪ್ಪ ಎಂದು ಹೇಳಿ ಚೀಟಿ ಬರೆದುಕೊಟ್ಟೆ. ಆ ಹುಡುಗಿ ಆಗ ತಲೆ ಎತ್ತಿ ಗಂಡನ ಕೈಯ ಚೀಟಿಯನ್ನು ನೋಡಿದಳು.